ಹುಬ್ಬಳ್ಳಿ ಟೈಗರ್ಸ್‌ಗೆ ಗಂಗೂಬಾಯಿ, ಮೈಸೂರು ವಾರಿಯರ್ಸ್‌ಗೆ ಚೌಡಯ್ಯ: ಊರು ನೋಡಿ ಕಲಾವಿದರನ್ನು ಆರಿಸಬಹುದಾ?

ಉಣಕಲ್ ಕೆರೆ ದಂಡೆ:
ನಮಸ್ಕಾರ ಎಲ್ಲರಿಗೂ. ಒಂದು ಜಗಳ ಬಗೆಹರಿಸಿಕೊಡಿ. ನಾನು ಹುಬ್ಬಳ್ಳಿಯವನು, ಬೆಂಗಳೂರಿನಲ್ಲಿ ಕೆಲಸ. ರೂಮಿನಲ್ಲಿ ಜತೆಗಿರುವ ಗೆಳೆಯ ಮೈಸೂರಿನವನು. ರಾಜ್ಯದ ಟಿ20 ಲೀಗ್ ಮಹಾರಾಜ ಟ್ರೋಫಿ ಬಂತು ಅಂದರೆ ನಮ್ಮ ಮನೆಯಲ್ಲಿ ಎರಡು ಪಕ್ಷ. 2023ರ ಫೈನಲ್‌ನಲ್ಲಿ ನಮ್ಮ ಟೈಗರ್ಸ್ ಅವನ ವಾರಿಯರ್ಸ್ ವಿರುದ್ಧ 8 ರನ್‌ಗಳಿಂದ ಗೆದ್ದಿತು. ಸಂದರ್ಭ ಇರಲಿ ಬಿಡಲಿ, ಅದನ್ನು ನಾನು ಎತ್ತಿಯೇ ಎತ್ತುತ್ತೇನೆ. ಮರುವರ್ಷ ವಾರಿಯರ್ಸ್ ಕಪ್ ಗೆದ್ದರು, ಆ ಫೋಟೋ ಇವತ್ತಿಗೂ ಅವನ ಫೋನಿನ ಮೇಲಿದೆ.

ಇಷ್ಟಕ್ಕೇ ಮುಗಿದಿದ್ದರೆ ಪರವಾಗಿರಲಿಲ್ಲ. ಈಗ ಜಗಳ ಸಂಗೀತಕ್ಕೆ ಬಂದಿದೆ. ನಾನು ಹಿಂದೂಸ್ತಾನಿ, ಅವನು ಕರ್ನಾಟಕ ಸಂಗೀತ. ಬೆಳಿಗ್ಗೆ ನಾನು ಭೀಮಸೇನ ಜೋಶಿಯವರ ಹಾಡು ಹಾಕಿದರೆ "ಇವರು ಸಾಹಿತ್ಯಕ್ಕೆ ಬರೋದು ಯಾವಾಗ ಮಾರಾಯ" ಅಂತಾನೆ. ಅವನು ದೊರೆಸ್ವಾಮಿ ಅಯ್ಯಂಗಾರ್ ವೀಣೆ ಹಾಕಿದರೆ ನಾನು ಮುಖ ಸೊಟ್ಟ ಮಾಡಿಕೊಂಡು ಕೂರುತ್ತೇನೆ (ಚೆನ್ನಾಗಿಯೇ ಇರುತ್ತೆ, ಅವನಿಗೆ ಹೇಳಬೇಡಿ). ಮೊನ್ನೆ ಸಿಟ್ಟಿನಲ್ಲಿ ಒಂದು ಮಾತು ಅಂದ: "ನೀನು ಹಾಡು ಕೇಳಲ್ಲ ಕಣೋ, ಬರೀ ಊರು ಕೇಳ್ತೀಯ." ಆ ಮಾತು ತಲೆಯಲ್ಲೇ ಕೂತುಬಿಟ್ಟಿದೆ.

ಊರಿನ ಟೀಮ್ ಅಂತ ಬೆಂಬಲಿಸುವುದು ಸರಿ, ಅದಕ್ಕೆ ಕಾರಣ ಬೇಕಿಲ್ಲ. ಆದರೆ ಸಂಗೀತಗಾರರನ್ನೂ ಹಾಗೇ ಆರಿಸಿಕೊಂಡರೆ ತಪ್ಪಾ? ನಿಮ್ಮ ಟೀಮ್ ಯಾವುದು, ನಿಮ್ಮ ಹಳೇ ಕಾಲದ ಕಲಾವಿದರು ಯಾರು, ಯಾಕೆ ಅಂತ ಬರೆಯಿರಿ. ಸುಮ್ನೆ "ಆರ್‌ಸಿಬಿ" ಅಂತ ಬರೆದು ಓಡಬೇಡಿ.

ಕೆಂಪು ಜರ್ಸಿ:
ಆರ್‌ಸಿಬಿ.

ಗದಗ ಬೆಟಗೇರಿ ಪ್ಯಾಸೆಂಜರ್:
ತಪ್ಪೇನ್ರಿ ಅದರಾಗ? ನಮ್ಮ ಕಡೆ ಕ್ರಿಕೆಟ್ಟೂ ಸಂಗೀತವೂ ಒಂದೇ ರೈಲಿನಲ್ಲಿ ಬಂದಿವೆ. ತಮಾಷೆಗೆ ಹೇಳುತ್ತಿಲ್ಲ, ನಿಜವಾಗಿಯೂ ರೈಲಿನಲ್ಲಿ.

ಮೊದಲು ಗಂಗೂಬಾಯಿ ಹಾನಗಲ್. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಪಾಠ ಹೇಳಿಸಿಕೊಂಡು ಮತ್ತೆ ರೈಲಿನಲ್ಲೇ ವಾಪಸ್ ಬರುತ್ತಿದ್ದರು. ಆಮೇಲೆ ಭೀಮಸೇನ ಜೋಶಿ. ಹುಟ್ಟಿದ್ದು 1922ರಲ್ಲಿ ರೋಣದಲ್ಲಿ, ತಂದೆ ಮಾಸ್ತರು. ಇನ್ನೂ ಹುಡುಗನಿದ್ದಾಗಲೇ ಗುರು ಬೇಕು ಅಂತ ಮನೆ ಬಿಟ್ಟು ರೈಲು ಹತ್ತಿದರು. ಕೈಯಲ್ಲಿ ದುಡ್ಡಿಲ್ಲ, ಗಾಡಿಯಲ್ಲಿದ್ದವರಿಗೆ ಹಾಡು ಹೇಳುತ್ತ ಗ್ವಾಲಿಯರ್ ತನಕ ಹೋದರು. ಅಲ್ಲಿ ಇಲ್ಲಿ ಸುತ್ತಿ ಕೊನೆಗೆ ಗುರು ಸಿಕ್ಕಿದ್ದು ಎಲ್ಲಿ? ಮನೆಯ ಹತ್ತಿರದ ಕುಂದಗೋಳದಲ್ಲಿ! ಸವಾಯಿ ಗಂಧರ್ವರ ಮನೆಯಲ್ಲಿ ಕೊಡ ಹೊತ್ತು ನೀರು ತಂದು ಕಲಿತವರು ಅವರು.

ಇನ್ನು ಎರಡನೇ ಜೋಶಿ. ಸುನಿಲ್ ಜೋಶಿ, ಗದಗದವರು. ಊರಲ್ಲಿ ಪ್ರಾಕ್ಟೀಸ್‌ಗೆ ಸೌಕರ್ಯ ಇಲ್ಲ ಅಂತ ನಸುಕಿನಲ್ಲೇ ರೈಲು ಹತ್ತಿ ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಗೆ ಹೋಗಿ ನೆಟ್ಸ್‌ನಲ್ಲಿ ಬೌಲ್ ಮಾಡಿ, ಮತ್ತೆ ವಾಪಸ್ ಬಂದು ಶಾಲೆಗೆ ಹೋಗುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಅವರು ಹಾಕಿದ ಸ್ಪೆಲ್ ಗೊತ್ತಲ್ವಾ? 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಇವತ್ತಿನ ಹುಡುಗರಿಗೆ ಹೇಳಿದರೆ ಪ್ರಿಂಟ್ ಮಿಸ್ಟೇಕ್ ಅಂತಾರೆ.

ನನ್ನ ಟೀಮ್ ಟೈಗರ್ಸ್. ನನ್ನ ಕಲಾವಿದರು ಇಬ್ಬರು ಜೋಶಿಗಳು. ಒಬ್ಬರು ಹಾಡಿದರು, ಒಬ್ಬರು ಬೌಲ್ ಮಾಡಿದರು, ನನಗೆ ಲೆಕ್ಕ ಒಂದೇ.

ಒಂಟಿಕೊಪ್ಪಲ್ ಎರಡನೇ ಕ್ರಾಸ್:
ಗದಗದ ಸರ್, ಬಹಳ ಚೆನ್ನಾಗಿ ಬರೆದಿದ್ದೀರಿ. ಆದರೆ ರೈಲು ಕುಂದಗೋಳಕ್ಕೇ ನಿಲ್ಲಿಸಿಬಿಟ್ಟಿರಿ. ಇನ್ನೂ ಸ್ವಲ್ಪ ಮುಂದೆ ಮೈಸೂರಿನ ತನಕ ಬನ್ನಿ.

ಸವಾಯಿ ಗಂಧರ್ವರಿಗೆ ಕಲಿಸಿದವರು ಯಾರು? ಹಿಂದೂಸ್ತಾನಿ ಗಾಯನದ ಕಿರಾನಾ ಘರಾಣೆಯ (ಪರಂಪರೆಯ) ಅಬ್ದುಲ್ ಕರೀಂ ಖಾನ್. ಅವರು ಈ ಕಡೆ ಬಂದದ್ದು ಯಾಕೆ? ನಮ್ಮ ಅರಮನೆ ಕರೆಸಿಕೊಂಡಿತು ಅಂತ. ಮೈಸೂರಿಗೆ ಬಂದು ಹೋಗುವ ದಾರಿಯಲ್ಲಿ ಧಾರವಾಡ, ಹುಬ್ಬಳ್ಳಿ ಕಡೆ ಉಳಿದುಕೊಳ್ಳುತ್ತಿದ್ದರು. ಹಾಗೆ ಉಳಿದಾಗ ಸಿಕ್ಕಿದ ಶಿಷ್ಯ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವ. ಅರಮನೆಯಿಂದ ಆ ಕರೆ ಹೋಗದೇ ಇದ್ದಿದ್ದರೆ ನಿಮ್ಮ ಗಂಗೂಬಾಯಿ ಯಾವ ರೈಲು ಹತ್ತುತ್ತಿದ್ದರು ಹೇಳಿ? ಅಷ್ಟೇ ಅಲ್ಲ, ಖಾನ್ ಸಾಹೇಬರು ಇಲ್ಲಿಂದ ಬರಿಗೈಯಲ್ಲಿ ಹೋಗಲಿಲ್ಲ. ನಮ್ಮ ಕರ್ನಾಟಕ ಸಂಗೀತದವರ ಸ್ವರ ಹಾಡುವ ರೀತಿ ಅವರಿಗೆ ಹಿಡಿಸಿತು, ಅವರ ಸರಗಮ್‌ನಲ್ಲಿ ಅದು ಕೇಳುತ್ತದೆ. ಭೀಮಸೇನರ ಆಭೋಗಿ ಕೇಳಿ ತಲೆದೂಗುತ್ತೀರಲ್ಲ, ಆ ರಾಗ ಯಾರ ಮನೆಯದು ಅಂತ ವಿಚಾರಿಸಿ.

ಈಗ ನನ್ನ ಆಯ್ಕೆ. ಟೀಮ್ ವಾರಿಯರ್ಸ್, ಕಲಾವಿದರು ತಿರುಮಕೂಡಲು ಚೌಡಯ್ಯ. ಮೈಕ್ ಇಲ್ಲದ ಕಾಲ, ಸಭೆ ದೊಡ್ಡದು, ಹಿಂದಿನ ಸಾಲಿಗೆ ಪಿಟೀಲು ಕೇಳಿಸುತ್ತಿರಲಿಲ್ಲ. ನಾಲ್ಕು ತಂತಿ ಸಾಲದು ಅಂತ ಏಳು ತಂತಿ ಹಾಕಿದರು. ಎಷ್ಟೋ ಜನ ಅದು ಸರಿಯಲ್ಲ ಅಂದರು, ಇವರು ಬಿಡಲಿಲ್ಲ. ಇದೇ ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್‌ಗೆ ಪೋಲಿಯೋದಿಂದ ಬಲಗೈ ಸಣ್ಣಗಾಗಿತ್ತು. ಆ ಕೈಯಲ್ಲೇ ಬೌಲ್ ಮಾಡಿ 1971ರಲ್ಲಿ ಓವಲ್‌ನಲ್ಲಿ 38 ರನ್‌ಗೆ 6 ವಿಕೆಟ್ ತೆಗೆದರು, ಇಂಗ್ಲೆಂಡ್ ನೆಲದಲ್ಲಿ ಭಾರತ ಗೆದ್ದ ಮೊದಲ ಟೆಸ್ಟ್ ಅದು. ರೂಢಿಯಲ್ಲಿ ಇರುವಂತೆ ಇರಬೇಕು ಅನ್ನೋದನ್ನು ಇಬ್ಬರೂ ಒಪ್ಪಲಿಲ್ಲ. ನನಗೆ ಇಷ್ಟ ಆಗೋದು ಅದು. ಜಾಸ್ತಿ ಹೊಗಳಿದೆ ಅನ್ನಿಸಿದರೆ ಅನ್ನಿಸಲಿ.

ಸೆಂಟ್ರಲ್ ಕಾಲೇಜ್ ಸ್ಟ್ಯಾಂಡ್:
ಮೈಸೂರಿನವರಿಗೆ ಒಂದು ಸಣ್ಣ ಚುಚ್ಚುಮಾತು, ಬೇಜಾರು ಮಾಡಿಕೊಳ್ಳಬೇಡಿ. ರಾಜ್ಯ ತಂಡಕ್ಕೆ ಮೈಸೂರು ಅಂತ ಹೆಸರಿದ್ದಷ್ಟು ಕಾಲ ರಣಜಿ ಕಪ್ ಒಮ್ಮೆಯೂ ಬರಲಿಲ್ಲ. 1973ರ ನವೆಂಬರ್ 1ಕ್ಕೆ ಕರ್ನಾಟಕ ಆಯಿತು, ಅದೇ ಸೀಸನ್‌ನಲ್ಲಿ ಕಪ್ ಬಂತು! ಅದೂ ಹೇಗೆ? ಸತತ 15 ವರ್ಷ ಗೆದ್ದಿದ್ದ ಬಾಂಬೆಯನ್ನು ಸೆಮಿಫೈನಲ್‌ನಲ್ಲಿ ಬೆಂಗಳೂರಿನಲ್ಲೇ ಹೊರಗೆ ಹಾಕಿ. ನಮ್ಮ ಸ್ಪಿನ್ನರ್ ಪ್ರಸನ್ನ ಗಾವಸ್ಕರ್‌ರನ್ನು ಬೌಲ್ಡ್ ಮಾಡಿದ ಆ ಬಾಲ್ ಬಗ್ಗೆ ನಮ್ಮ ತಲೆಮಾರಿನವರು ಇನ್ನೂ ಮಾತಾಡುತ್ತೇವೆ. ಬಾಂಬೆಯ ವಾಡೇಕರ್ ರನೌಟ್ ಆದಾಗ ಎದ್ದ ಗದ್ದಲ ಹೇಳತೀರದು. ಆಮೇಲೆ ಜೈಪುರದ ಫೈನಲ್‌ನಲ್ಲಿ ರಾಜಸ್ಥಾನವನ್ನು ಸೋಲಿಸಿದ್ದು ಬರೀ ಉಪಚಾರ.

ಪ್ರಸನ್ನ ಬಾಲನ್ನು ಗಾಳಿಯಲ್ಲಿ ಬಿಡುತ್ತಿದ್ದ ರೀತಿ ಇದೆಯಲ್ಲ, ಅದು ನಿಧಾನ ಲಯದಲ್ಲಿ ಹಾಡುವ ವಿಲಂಬಿತ ಖಯಾಲ್ ಇದ್ದ ಹಾಗೆ. ಈಗ ಬಂತು, ಈಗ ಸಮ್ (ತಾಳದ ಮೊದಲ ಪೆಟ್ಟು) ಬಂತು ಅಂತ ಬ್ಯಾಟ್ಸ್‌ಮನ್ ಮುಂದೆ ಬರುತ್ತಾನೆ, ಅದು ಇನ್ನೂ ಬಂದೇ ಇರುವುದಿಲ್ಲ.

ನಾನು ಬೆಂಗಳೂರಿನವನು, ನನಗೆ ಎರಡೂ ಕಡೆಯ ಊಟ. ಬೇಸಿಗೆ ಬಂದರೆ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತ, 1939ರಿಂದ ನಡೆದು ಬಂದಿದೆ. ಬೇರೆ ದಿನ ಹುಡುಗರು ಕ್ರಿಕೆಟ್ ಆಡುವ ಮೈದಾನದಲ್ಲಿ ಚಪ್ಪರ ಹಾಕಿರುತ್ತಾರೆ. ಕಷ್ಟ ಏನೆಂದರೆ ಅದೂ ಐಪಿಎಲ್ಲೂ ಒಂದೇ ಸಮಯಕ್ಕೆ ಬರುತ್ತವೆ. ಪಲ್ಲವಿ ನಡೆಯುತ್ತಿದ್ದಾಗ ಹಿಂದಿನ ಕುರ್ಚಿಗಳಲ್ಲಿ ಫೋನ್ ಬೆಳಕು ಕಾಣುತ್ತೆ, ವಿಕೆಟ್ ಬಿದ್ದರೆ ತನಿಯಾವರ್ತನ (ಮೃದಂಗದವರ ಸರದಿ) ಶುರುವಾಗುವ ಮೊದಲೇ ಯಾರೋ "ಭಲೇ" ಅಂದುಬಿಡುತ್ತಾರೆ. ಮೃದಂಗದವರು ತಮಗೇ ಅಂದರು ಅಂದುಕೊಂಡು ತಲೆ ಬಾಗಿಸುತ್ತಾರೆ.

ಕೆಂಪು ಜರ್ಸಿ:
ನೋಡಿ, ಕೊನೆಗೆ ಎಲ್ಲರೂ ಆರ್‌ಸಿಬಿಗೇ ಬಂದರಲ್ಲ. 18ನೇ ಸೀಸನ್‌ನಲ್ಲಿ ಫೈನಲ್ 6 ರನ್‌ಗಳಿಂದ ಗೆದ್ದ ಟೀಮ್ ಸ್ವಾಮಿ ಅದು.

ಸಪ್ತಾಪುರ ಮಳೆ:
ಕೆಂಪು ಜರ್ಸಿ ಅವರೇ, 6 ರನ್ ಅನ್ನಬೇಡಿ, ಹೊಟ್ಟೆ ಉರಿಯುತ್ತೆ. 2010ರ ರಣಜಿ ಫೈನಲ್, ಮೈಸೂರಿನ ಗಂಗೋತ್ರಿ ಮೈದಾನ, ಮುಂಬೈ ಎದುರು ನಮ್ಮ ಕರ್ನಾಟಕ ಸೋತಿದ್ದೂ 6 ರನ್‌ಗಳಿಂದಲೇ. ಮನೀಶ್ ಪಾಂಡೆ 144 ಹೊಡೆದೂ ಕಪ್ ಕೈಗೆ ಬರಲಿಲ್ಲ.

ಮೂಲ ಪ್ರಶ್ನೆಗೆ ಬರುತ್ತೇನೆ. ನಾನು ಧಾರವಾಡದವಳು, ಮಲ್ಲಿಕಾರ್ಜುನ ಮನ್ಸೂರರ ಹಾಡು ಕೇಳುತ್ತ ಬೆಳೆದವಳು. ಆದರೂ ನಿಮ್ಮ ಗೆಳೆಯ ಹೇಳಿದ್ದರಲ್ಲಿ ಅರ್ಧ ಸರಿ ಇದೆ ಅನ್ನಿಸುತ್ತೆ. "ನಮ್ಮೂರಿನವರು" ಅಂತ ಕಲಾವಿದರನ್ನು ಕಟ್ಟಿಹಾಕಲು ಹೋದರೆ ಕೈಯಲ್ಲಿ ಉಳಿಯುವುದು ಬಹಳ ಕಡಿಮೆ. ಭೀಮಸೇನರು ಬದುಕಿದ್ದು ಪುಣೆಯಲ್ಲಿ. ಕುಮಾರ ಗಂಧರ್ವರು ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಶಿವಪುತ್ರ ಕೊಂಕಾಳಿಮಠ, ಕ್ಷಯ ಬಂದಾಗ ಹವೆ ಚೆನ್ನಾಗಿದೆ ಅಂತ ಮಾಳವದ ದೇವಾಸಕ್ಕೆ ಹೋದವರು ಅಲ್ಲೇ ಉಳಿದರು, ಅಲ್ಲಿನ ಜನಪದ ಹಾಡುಗಳಿಂದಲೇ ಹೊಸ ದಾರಿ ಕಂಡುಕೊಂಡರು. ದೇವಾಸದವರೂ "ನಮ್ಮವರು" ಅನ್ನುತ್ತಾರೆ, ಯಾಕೆ ಅನ್ನಬಾರದು?

ಮನ್ಸೂರರು ಮಾತ್ರ ಧಾರವಾಡ ಬಿಟ್ಟು ಹೋಗಲಿಲ್ಲ. ಆದರೆ ಅವರ ಗಾಯನ ಜೈಪುರ–ಅತ್ರೌಳಿ ಘರಾಣೆಯದು. ಮೊದಲು ನೀಲಕಂಠಬುವಾ, ಆಮೇಲೆ ಮಂಜಿ ಖಾನ್, ಅವರು ತೀರಿಕೊಂಡ ಮೇಲೆ ತಮ್ಮ ಬುರ್ಜಿ ಖಾನ್. ಅಪರೂಪದ ರಾಗಗಳನ್ನು, ಎರಡು ರಾಗ ಬೆಸೆದ ಜೋಡು ರಾಗಗಳನ್ನು ಉಸಿರು ಬಿಡಲೂ ಪುರುಸೊತ್ತಿಲ್ಲದ ಹಾಗೆ ಹಾಡುವ ಆ ಪರಿ ಅಲ್ಲಿಂದ ಬಂತು. ಅದೇ ಗಂಟಲಿನಿಂದ ಬಸವಣ್ಣ, ಅಕ್ಕನ ವಚನಗಳೂ ಬಂದವು. ಇದರಲ್ಲಿ ಧಾರವಾಡ ಎಷ್ಟು, ಜೈಪುರ ಎಷ್ಟು ಅಂತ ಅಳೆಯೋಕೆ ಆಗುತ್ತಾ?

ಕ್ರಿಕೆಟ್ಟಿನಲ್ಲೂ ಈಗ ಅದೇ ಕತೆ. ಕರುಣ್ ನಾಯರ್ ಜೋಧಪುರದಲ್ಲಿ ಹುಟ್ಟಿ ನಮ್ಮವರಾದರು. 2014–15ರ ರಣಜಿ ಫೈನಲ್‌ನಲ್ಲಿ ತಮಿಳುನಾಡು ವಿರುದ್ಧ 328 ಹೊಡೆದರು. ಆಮೇಲೆ ಇಲ್ಲಿ ಜಾಗ ಸಿಗದೆ ವಿದರ್ಭಕ್ಕೆ ಹೋಗಿ, 2025ರ ಜನವರಿಯಲ್ಲಿ ವಿಜಯ್ ಹಜಾರೆ ಏಕದಿನ ಟ್ರೋಫಿಯ ಫೈನಲ್‌ಗೆ ನಮ್ಮ ವಿರುದ್ಧವೇ ನಾಯಕರಾಗಿ ಬಂದರು. ಆ ಟೂರ್ನಿಯಲ್ಲಿ ಅವರದು ಐದು ಶತಕ. ಫೈನಲ್ ಗೆದ್ದದ್ದು ನಾವು, ಖುಷಿಯಾಯಿತು, ಆದರೆ ಅವರು ಬೇಗ ಔಟಾದಾಗ ನನಗೆ ಚಪ್ಪಾಳೆ ತಟ್ಟೋಕೆ ಆಗಲಿಲ್ಲ. ಊರಿನ ಅಭಿಮಾನ ಅನ್ನೋದು ಅಷ್ಟು ಸರಳ ಅಲ್ಲ ಅಂತ ನನ್ನ ಅಭಿಪ್ರಾಯ.

ಪಡುಕಡಲು:
ಹುಬ್ಬಳ್ಳಿ, ಮೈಸೂರಿನವರು ಆರಾಮಾಗಿ ಜಗಳ ಆಡ್ತಾ ಇರಿ ಮಾರಾಯ್ರೆ. 2025ರ ಮಹಾರಾಜ ಟ್ರೋಫಿ ನಮ್ಮ ಮಂಗಳೂರು ಡ್ರಾಗನ್ಸ್‌ಗೆ ಬಂತು, ಅದೂ ಟೈಗರ್ಸ್‌ನ್ನು ಸೋಲಿಸಿ, ಮೈಸೂರಿನ ಮೈದಾನದಲ್ಲಿ. ಒಂದೇ ಕಲ್ಲಿಗೆ ಎರಡು ಮಾವಿನಕಾಯಿ.

ನಮ್ಮ ಕಲಾವಿದರು ಕದ್ರಿ ಗೋಪಾಲನಾಥ್. ಊರು ಬಂಟ್ವಾಳದ ಸಜಿಪಮೂಡ, ಮನೆಯಲ್ಲಿ ನಾಗಸ್ವರ. ಮೈಸೂರು ಅರಮನೆಯ ಬ್ಯಾಂಡ್‌ನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾಗಿ, ಗಮಕ (ಸ್ವರವನ್ನು ತೂಗಿಸಿ ನುಡಿಸುವುದು) ಬರುವುದೇ ಇಲ್ಲ ಅನ್ನುತ್ತಿದ್ದ ವಾದ್ಯದಲ್ಲಿ ಗಮಕ ಬರಿಸಿದರು. 1994ರಲ್ಲಿ ಲಂಡನ್ನಿನ ಪ್ರಾಮ್ಸ್‌ನಲ್ಲೂ ನುಡಿಸಿದರು. (ಒಂಟಿಕೊಪ್ಪಲ್ ಸರ್, ಇದಕ್ಕೂ "ನಮ್ಮ ಅರಮನೆ" ಅಂತ ಬರಬೇಡಿ.)

ಒಂಟಿಕೊಪ್ಪಲ್ ಎರಡನೇ ಕ್ರಾಸ್:
ನಮ್ಮ ಅರಮನೆ.

ಉಣಕಲ್ ಕೆರೆ ದಂಡೆ:
ಎಲ್ಲರಿಗೂ ಥ್ಯಾಂಕ್ಸ್. ಸಪ್ತಾಪುರದ ಅಕ್ಕಾವ್ರ ಮಾತನ್ನು ಗೆಳೆಯನಿಗೆ ಓದಿ ಹೇಳಿದೆ, "ಅರ್ಧ ಸರಿ" ಅನ್ನೋದನ್ನು ಬಿಟ್ಟು. ಅರಮನೆ ವಿಷಯ ಮಾತ್ರ ಅವನೇ ಓದಿಕೊಂಡುಬಿಟ್ಟ, ಈಗ ನಿಲ್ಲಿಸೋಕೆ ಆಗುತ್ತಿಲ್ಲ.

ಒಂದು ದೂರು ಹೇಳಿಬಿಡುತ್ತೇನೆ. ಹೆಸರಿಗೆ ಹುಬ್ಬಳ್ಳಿ ಟೈಗರ್ಸ್, ಮಹಾರಾಜ ಟ್ರೋಫಿಯ ಮ್ಯಾಚ್ ಮಾತ್ರ ಬೆಂಗಳೂರು, ಇಲ್ಲದಿದ್ದರೆ ಮೈಸೂರು. ರಾಜನಗರದಲ್ಲಿ ಒಳ್ಳೆಯ ಮೈದಾನ ಇದೆ. ಊರ ಹೆಸರಿನ ಟೀಮನ್ನು ಊರಿನವರು ಟಿವಿಯಲ್ಲಿ ನೋಡಬೇಕು ಅಂದರೆ ಹೇಗೆ?

ಗದಗ ಬೆಟಗೇರಿ ಪ್ಯಾಸೆಂಜರ್:
ಅದಕ್ಕೆ ನಮ್ಮೂರಿನಿಂದ ಪೂರ್ತಿ ಬೆಂಬಲ. ಜಗಳಕ್ಕೆ ಒಂದು ಪರಿಹಾರ ಹೇಳುತ್ತೇನೆ. ಮುಂದಿನ ಟೈಗರ್ಸ್–ವಾರಿಯರ್ಸ್ ಮ್ಯಾಚ್‌ನಲ್ಲಿ ಯಾರ ಟೀಮ್ ಸೋಲುತ್ತೋ ಅವರು ಒಂದು ವಾರ ಎದುರಿನವರ ಸಂಗೀತ ಕೇಳಬೇಕು. ಮುಖ ಸೊಟ್ಟ ಮಾಡಬಾರದು, ಮಧ್ಯೆ ಫೋನ್ ನೋಡಬಾರದು. ಮೈಸೂರಿನ ಗೆಳೆಯನಿಗೆ ಮೊದಲ ದಿನವೇ ದೊಡ್ಡ ಖಯಾಲ್ ಹಾಕಿ ಹೆದರಿಸಬೇಡಿ, ಮನ್ಸೂರರ ವಚನದಿಂದ ಶುರು ಮಾಡಿ. ಸಾಹಿತ್ಯ ಬೇಕು ಅಂದನಲ್ಲ, ಅದರಲ್ಲಿ ಬೇಕಾದಷ್ಟಿದೆ.

ಒಂಟಿಕೊಪ್ಪಲ್ ಎರಡನೇ ಕ್ರಾಸ್:
ಒಪ್ಪಿದೆ. ಹುಬ್ಬಳ್ಳಿಯವರು ಸೋತರೆ ಚೌಡಯ್ಯನವರ ಹಳೇ ರೆಕಾರ್ಡಿಂಗ್‌ನಿಂದ ಶುರು ಮಾಡಬೇಡಿ, ಆ ಕಾಲದ ಗರಗರ ಶಬ್ದದಲ್ಲಿ ಹೊಸಬರಿಗೆ ಬೇಜಾರಾಗಬಹುದು. ದೊರೆಸ್ವಾಮಿ ಅಯ್ಯಂಗಾರರ ವೀಣೆಯಿಂದಲೇ ಶುರು ಮಾಡಿ. ನೀವು ಕದ್ದು ಮುಚ್ಚಿ ಇಷ್ಟಪಡ್ತೀರಿ ಅಂತ ಮೇಲೆ ಬರೆದಿದ್ದೀರಲ್ಲ, ನಿಮ್ಮ ಗೆಳೆಯ ಅರಮನೆ ವಿಷಯ ಓದಿದ್ದಾನೆ ಅಂದರೆ ಅದನ್ನೂ ಓದಿಯೇ ಇರುತ್ತಾನೆ.