ನಮ್ಮ ತಾಂಡಾಕ್ಕೆ ಪ್ರತ್ಯೇಕ ಜನಸಂಖ್ಯೆಯ ಲೆಕ್ಕ ಮತ್ತು ಕಂದಾಯ ಗ್ರಾಮದ ಸ್ಥಾನ: ನಿವಾಸಿಗಳ ಚರ್ಚೆ

ಚರ್ಚೆ ಆರಂಭಿಸಿದವರು, ಮೇಲಿನ ಓಣಿ:
ಎಲ್ಲ ನಿವಾಸಿಗಳಿಗೆ ನಮಸ್ಕಾರ. ನಮ್ಮ ತಾಂಡಾದಲ್ಲಿ ಎಷ್ಟು ಜನರಿದ್ದೇವೆ ಎಂಬ ಪ್ರಶ್ನೆಗೆ ಜನಗಣತಿಯ ಗ್ರಾಮವಾರು ಪಟ್ಟಿಯಲ್ಲಿ ಉತ್ತರವಿಲ್ಲ. ಗ್ರಾಮೀಣ ಭಾಗದಲ್ಲಿ ಗಣತಿಯ ಮೂಲ ಘಟಕ ಕಂದಾಯ ಗ್ರಾಮ, ಅಂದರೆ ಭೂದಾಖಲೆಯಲ್ಲಿ ಸ್ವಂತ ಗಡಿ ಮತ್ತು ನಕ್ಷೆ ಇರುವ ಊರು. ನಾವು ಮಜರೆ, ಅಂದರೆ ಮೂಲ ಗ್ರಾಮಕ್ಕೆ ಸೇರಿದ ಉಪಗ್ರಾಮವಾಗಿರುವುದರಿಂದ 2011ರ ಗಣತಿಯಲ್ಲಿ ನಮ್ಮೆಲ್ಲರ ಲೆಕ್ಕ ಮೂಲ ಗ್ರಾಮದ ಸಂಖ್ಯೆಯೊಳಗೆ ಸೇರಿಹೋಗಿದೆ. ಒಬ್ಬರೂ ವಾಸಿಸದ ಬೇಚಿರಾಕ್ ಗ್ರಾಮಕ್ಕೂ ಆ ಪಟ್ಟಿಯಲ್ಲಿ ಸ್ವಂತ ಸಾಲು ಮತ್ತು ಸಂಕೇತ ಸಂಖ್ಯೆ ಇರುವಾಗ, ಅಜ್ಜಂದಿರ ಕಾಲದಿಂದ ಇಲ್ಲಿಯೇ ಒಲೆ ಹೊತ್ತಿಸುತ್ತಿರುವ ನಮಗೆ ಅದಿಲ್ಲವೆಂಬುದು ನನ್ನನ್ನು ನಿಜಕ್ಕೂ ನೋಯಿಸುತ್ತದೆ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಹೊಸ ಕಂದಾಯ ಗ್ರಾಮಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯಾದಾಗಲೂ ನಾವು ಆ ಪಟ್ಟಿಯಿಂದ ಹೊರಗೇ ಉಳಿದೆವು. ತಹಶೀಲ್ದಾರರಿಗೆ ಈ ವಾರವೇ ಸಾಮೂಹಿಕ ಮನವಿ ಸಲ್ಲಿಸೋಣ.

ಕೆರೆ ಬದಿಯ ನಿವಾಸಿ:
ಸಂಪೂರ್ಣ ಒಪ್ಪಿಗೆಯಿದೆ. ಕಂದಾಯ ಗ್ರಾಮವೆಂದು ಘೋಷಣೆಯಾದರೆ ನಮಗೆ ಪ್ರತ್ಯೇಕ ಗ್ರಾಮ ಪಂಚಾಯಿತಿಯೂ ಬರುತ್ತದೆಯೇ?

ನಿವೃತ್ತ ಶಿಕ್ಷಕರು:
ಇಲ್ಲ, ಅವೆರಡೂ ಬೇರೆ ಬೇರೆ. ಕಂದಾಯ ಗ್ರಾಮವು ಭೂದಾಖಲೆ, ಗಡಿ ಮತ್ತು ನಕ್ಷೆಗೆ ಸಂಬಂಧಿಸಿದ ಸ್ಥಾನ. ಗ್ರಾಮ ಪಂಚಾಯಿತಿಯು 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಸಾಮಾನ್ಯವಾಗಿ 5,000ದಿಂದ 7,000 ಜನಸಂಖ್ಯೆಯ ಪ್ರದೇಶಕ್ಕೆ ರಚನೆಯಾಗುತ್ತದೆ, ಸದಸ್ಯರ ಸಂಖ್ಯೆಯೂ 400 ಜನಕ್ಕೆ ಒಬ್ಬರಂತೆ ನಿಗದಿಯಾಗುತ್ತದೆ. ನಮ್ಮಂಥ ಸಣ್ಣ ಊರು ಈಗಿನ ಪಂಚಾಯಿತಿಯಲ್ಲೇ ಉಳಿಯುತ್ತದೆ. ನಮಗೆ ನಿಜವಾಗಿ ದೊರೆಯಬೇಕಾದದ್ದು ಮನೆಯಡಿಯ ನೆಲದ ಹಕ್ಕು. ಖಾಸಗಿ ಜಮೀನಿನ ಮೇಲಿನ ದಾಖಲೆರಹಿತ ವಸತಿಗಳಿಗೆ ಭೂ ಸುಧಾರಣಾ ಕಾಯ್ದೆಯ 38ಎ ಕಲಂ ಇರುವುದೇ ಅದಕ್ಕಾಗಿ.

ಮನವಿಯ ವಿಷಯದಲ್ಲಿ ಒಂದು ಅಡಚಣೆಯಿದೆ. ಮುಂದಿನ ಜನಗಣತಿಯ ಆಧಾರ ದಿನ 2027ರ ಮಾರ್ಚ್ 1. ಅದಕ್ಕಾಗಿ ಗ್ರಾಮ, ತಾಲ್ಲೂಕು, ಜಿಲ್ಲೆಗಳ ಗಡಿಗಳನ್ನು 2025ರ ಡಿಸೆಂಬರ್ 31ರ ಸ್ಥಿತಿಯಲ್ಲೇ ಸ್ಥಿರಗೊಳಿಸಲಾಗಿದ್ದು, 2027ರ ಮಾರ್ಚ್ ಅಂತ್ಯದವರೆಗೆ ಅವುಗಳನ್ನು ಬದಲಿಸುವಂತಿಲ್ಲ. ಹಾಗಾಗಿ ಈ ಗಣತಿಯಲ್ಲಿ ನಾವು ಪ್ರತ್ಯೇಕ ಗ್ರಾಮವಾಗಿ ಕಾಣಿಸಿಕೊಳ್ಳುವುದು ಸಾಧ್ಯವಿಲ್ಲ. ಮನವಿಯನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಗಡಿ ತೆರೆದ ದಿನವೇ ಕಡತ ಮುಂದೆ ಸಾಗುವಂತೆ ಸರ್ವೆ ನಂಬರು, ಪಹಣಿ, ಮನೆಗಳ ನಕ್ಷೆ ಎಲ್ಲವೂ ಅಷ್ಟರೊಳಗೆ ಸಿದ್ಧವಿರಬೇಕು.

ಕಬ್ಬು ಕಟಾವಿಗೆ ಹೋಗುವ ಕುಟುಂಬದವರು:
2027ರ ಫೆಬ್ರುವರಿಯಲ್ಲಿ ಗಣತಿದಾರರು ಬಂದಾಗ ನಮ್ಮ ಓಣಿಯ ಅರ್ಧ ಮನೆಗಳಿಗೆ ಬೀಗ ಬಿದ್ದಿರುತ್ತದೆ. ಊರಿನಲ್ಲಿರುವ ಹಿರಿಯರು ನಮ್ಮೆಲ್ಲರ ಹೆಸರು ಬರೆಸಿದರೆ ಸಾಕಲ್ಲವೇ?

ನಿವೃತ್ತ ಶಿಕ್ಷಕರು:
ಸಾಲದು. ಎಣಿಕೆಯ ಅವಧಿಯುದ್ದಕ್ಕೂ ಊರಿನಲ್ಲಿ ಇಲ್ಲದವರನ್ನು ಊರಿನ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅವರು ಇರುವ ಸ್ಥಳದಲ್ಲಿಯೇ ಎಣಿಸುತ್ತಾರೆ. ಆ ಅವಧಿಯಲ್ಲಿ ಕೆಲವು ದಿನವಾದರೂ ಮನೆಯಲ್ಲಿದ್ದವರ ಹೆಸರು ಇಲ್ಲಿ ದಾಖಲಾಗುತ್ತದೆ. ದುಡಿಮೆ ಬಿಟ್ಟು ಬನ್ನಿ ಎಂದು ಹೇಳುವ ಹಕ್ಕು ನನಗಿಲ್ಲ, ಆದರೆ ಮುಂಗಡ ಪಡೆಯುವಾಗಲೇ ಕಟಾವಿಗೆ ಜನರನ್ನು ಕರೆದೊಯ್ಯುವ ಮುಕಾದಮರೊಂದಿಗೆ ಆ ದಿನಗಳ ರಜೆಯ ಮಾತಾಡಿಕೊಳ್ಳುವುದು ಒಳ್ಳೆಯದು. ಬರಲಾಗದವರು ಗದ್ದೆಯ ಬಿಡಾರದಲ್ಲಾದರೂ ತಪ್ಪದೆ ಹೆಸರು ಬರೆಸಬೇಕು.

ಅಂಗನವಾಡಿ ಹತ್ತಿರದ ನಿವಾಸಿ:
ಈ ಎಣಿಕೆಯ ಬೆಲೆ ತಾಯಂದಿರಿಗೆ ಚೆನ್ನಾಗಿ ಗೊತ್ತು. ಅಂಗನವಾಡಿ ಕೇಂದ್ರಕ್ಕೆ 400ರಿಂದ 800, ಮಿನಿ ಅಂಗನವಾಡಿಗೆ 150ರಿಂದ 400 ಜನಸಂಖ್ಯೆ ಎಂಬ ಮಾನದಂಡವಿದೆ. ನಮ್ಮ ಸಂಖ್ಯೆಯನ್ನು ದಾಖಲೆಯಿಂದ ತೋರಿಸಲಾಗದೆ, ಮೂಲ ಗ್ರಾಮದಲ್ಲಿ ಕೇಂದ್ರವಿದೆಯಲ್ಲ ಎಂಬ ಉತ್ತರ ಕೇಳಿ ಎರಡು ಬಾರಿ ಬರಿಗೈಯಲ್ಲಿ ಮರಳಿದ್ದೇವೆ. ಪುಟ್ಟ ಮಕ್ಕಳು ಮಳೆಗಾಲದಲ್ಲಿ ಹಳ್ಳ ದಾಟಿ ಅಲ್ಲಿಗೆ ಹೋಗಲಾರರು.

ಚರ್ಚೆ ಆರಂಭಿಸಿದವರು, ಮೇಲಿನ ಓಣಿ:
ಹಾಗಾದರೆ ಕ್ರಮವನ್ನು ಬದಲಿಸೋಣ. ಬರುವ ಭಾನುವಾರ ಬೆಳಿಗ್ಗೆ ಸೇವಾಲಾಲ್ ಮಂದಿರದ ಕಟ್ಟೆಯ ಬಳಿ ಸೇರಿ, ದುಡಿಯಲು ಹೊರಗೆ ಹೋದವರನ್ನೂ ಬಿಡದೆ ಮನೆಮನೆಯ ಪಟ್ಟಿ ಬರೆಯೋಣ. ಮುಂದಿನ ವಾರ್ಡ್ ಸಭೆಯಲ್ಲಿ ಅದನ್ನು ಓದಿ, ತಾಂಡಾವನ್ನು ಕಂದಾಯ ಗ್ರಾಮವಾಗಿಸಬೇಕೆಂಬ ಬೇಡಿಕೆಯನ್ನು ನಡವಳಿ ಪುಸ್ತಕದಲ್ಲಿ ದಾಖಲಿಸಿ ಪ್ರತಿ ಪಡೆಯೋಣ. ಕೆಳಗಿನ ಓಣಿಯ ಪಟ್ಟಿಯ ಹೊಣೆ ಹೊರುವವರು ದಯವಿಟ್ಟು ಇಲ್ಲಿಯೇ ತಿಳಿಸಿ.

ಕೆರೆ ಬದಿಯ ನಿವಾಸಿ:
ಕೆಳಗಿನ ಓಣಿಯನ್ನು ನಾನು ಮತ್ತು ನನ್ನ ಮಗಳು ನೋಡಿಕೊಳ್ಳುತ್ತೇವೆ.