ಉಬುಂಟು 22.04: ಜೆಂಕಿನ್ಸ್ ಇನ್‌ಸ್ಟಾಲ್ ಆಗಿದೆ, ಸ್ಟಾರ್ಟ್ ಆಗುತ್ತಿಲ್ಲ

ಶಿರಸಿ ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮದು ನಾಲ್ಕೇ ಜನರ ಟೀಮ್. ಇಷ್ಟು ದಿನ ಬಿಲ್ಡ್ (ಕೋಡನ್ನು ಓಡುವ ಪ್ರೋಗ್ರಾಂ ಮಾಡುವ ಕೆಲಸ) ಎಲ್ಲಾ ಒಬ್ಬ ಅಕ್ಕನ ಲ್ಯಾಪ್‌ಟಾಪಿನಲ್ಲೇ ಆಗುತ್ತಿತ್ತು. ಮುಂದಿನ ವಾರ ಅವರು ಹೆರಿಗೆ ರಜೆಗೆ ಹೋಗುತ್ತಾರೆ. ಬಿಲ್ಡ್ ವಿಷಯಕ್ಕೆ ಅವರಿಗೆ ಒಂದು ಫೋನೂ ಹೋಗಬಾರದು ಅಂತ ನನ್ನ ಆಸೆ. ಅದಕ್ಕೇ ಟೆಸ್ಟಿಂಗ್‌ಗೆ ಇಟ್ಟಿದ್ದ 8 ಜಿಬಿ ಡೆಸ್ಕ್‌ಟಾಪಿಗೆ ಬಿಲ್ಡ್‌ಗಳನ್ನು ತಾನೇ ನಡೆಸುವ ಜೆಂಕಿನ್ಸ್ ಹಾಕಲು ಕೂತಿದ್ದೇನೆ.

ಜೆಂಕಿನ್ಸ್‌ನವರ ಸ್ಟೇಬಲ್ ರೆಪೊ (ಪ್ಯಾಕೇಜ್ ಸಂಗ್ರಹ) ಸೇರಿಸಿ ಉಬುಂಟುವಿನ ಪ್ಯಾಕೇಜ್ ಟೂಲ್ ಆಪ್ಟ್‌ನಿಂದ ಹಾಕಿದೆ. ಡಿಫಾಲ್ಟ್ ಜೆಡಿಕೆ (ಜೆಂಕಿನ್ಸ್ ಓಡಲು ಬೇಕಾದ ಜಾವಾ) ಮೊದಲೇ ಇತ್ತು. ಸರ್ವಿಸ್ ಫೇಲ್ ಅಂತ ಬರುತ್ತದೆ. ಎರಡು ಸಲ ತೆಗೆದು ಹಾಕಿದರೂ ಅದೇ ಕಥೆ. ಜೆಂಕಿನ್ಸ್ ಮೊದಲಿಗೆ ಬಳಸುವ 8080 ಪೋರ್ಟಿನಲ್ಲಿ ನಮ್ಮ ವೆಬ್ ಸರ್ವರ್ ಟಾಮ್‌ಕ್ಯಾಟ್ ಓಡುತ್ತಿದೆ. ಎಟ್ಸಿ ಒಳಗಿನ ಡಿಫಾಲ್ಟ್ ಫೋಲ್ಡರಿನ ಜೆಂಕಿನ್ಸ್ ಫೈಲಿನಲ್ಲಿ 8081 ಅಂತ ಬರೆದೆ. ಏನೂ ಉಪಯೋಗ ಆಗಲಿಲ್ಲ.

ಹಳೇ ಅಡ್ಮಿನ್:
ತೆಗೆದು ಹಾಕುವುದನ್ನು ಬಿಡಿ, ಲಾಗ್ ಓದಿ. ಲಾಗ್ ತೋರಿಸುವ ಜರ್ನಲ್‌ಸಿಟಿಎಲ್‌ಗೆ ಮೈನಸ್ ಯು ಜೆಂಕಿನ್ಸ್ ಅಂತ ಕೊಡಿ. ಜಾವಾ ಹಳೆಯದು ಅಂತ ಒಂದು ಸಾಲು ಇರಬೇಕು, ನೋಡಿ. 22.04ರ ಡಿಫಾಲ್ಟ್ ಜಾವಾ 11. ಜೆಂಕಿನ್ಸ್ 2024ರ ಅಕ್ಟೋಬರಿನ 2.479.1ರಿಂದಲೇ 11ನ್ನು ಕೈಬಿಟ್ಟಿದೆ. ಹಾಕುವುದಾದರೆ ಓಪನ್‌ಜೆಡಿಕೆ 21 ಹಾಕಿ, ಸ್ವಲ್ಪ ಕಾಲ ತಲೆಬಿಸಿ ಇರುವುದಿಲ್ಲ.

ರಾತ್ರಿಪಾಳಿ:
ಪೋರ್ಟಿನ ಬಗ್ಗೆ ಹೇಳುತ್ತೇನೆ. ನೀವು ತಿದ್ದಿದ ಫೈಲನ್ನು ಈಗ ಯಾರೂ ಓದುವುದಿಲ್ಲ. 2022ರಲ್ಲಿ ಜೆಂಕಿನ್ಸ್ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿಗೆ ಬದಲಾಯಿತು. ಹಳೇ ಬರಹಗಳು ಮಾತ್ರ ಇನ್ನೂ ಅದನ್ನೇ ಹೇಳುತ್ತವೆ. ಸಿಸ್ಟಮ್‌ಸಿಟಿಎಲ್ ಎಡಿಟ್ ಜೆಂಕಿನ್ಸ್ ಕೊಟ್ಟು, ತೆರೆಯುವ ಫೈಲಿನಲ್ಲಿ ಸರ್ವಿಸ್ ಭಾಗದ ಕೆಳಗೆ ಎನ್ವಿರಾನ್‌ಮೆಂಟ್ ಸಾಲು ಬರೆದು ಜೆಂಕಿನ್ಸ್ ಪೋರ್ಟ್ 8081 ಮಾಡಿ. ಮುಂದೆ ಅಪ್‌ಡೇಟ್ ಬಂದರೂ ಅದು ಉಳಿಯುತ್ತದೆ.

ಇನ್ನೊಂದು ಮಾತು. 21 ಹಾಕಿದ ಕೂಡಲೇ ಇಡೀ ಸಿಸ್ಟಮ್‌ನ ಜಾವಾ 21ಕ್ಕೆ ಹೋಗಬಹುದು. ಟಾಮ್‌ಕ್ಯಾಟ್‌ಗೆ 11 ಬೇಕಿದ್ದರೆ ಯಾವ ಆವೃತ್ತಿ ಬೇಕೆಂದು ಆರಿಸುವ ಅಪ್‌ಡೇಟ್ ಆಲ್ಟರ್ನೇಟಿವ್ಸ್‌ನಲ್ಲಿ 11ನ್ನೇ ಆರಿಸಿ. ಜೆಂಕಿನ್ಸ್‌ಗೆ ಮಾತ್ರ ಅದೇ ಎಡಿಟ್‌ನಲ್ಲಿ ಜಾವಾ ಇರುವ ಜಾಗ ಹೇಳುವ ಜಾವಾ ಹೋಮ್ ಸಾಲು ಸೇರಿಸಿ 21 ತೋರಿಸಿ.

ಶಿರಸಿ ಹುಡುಗ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್! ಲಾಗಿನಲ್ಲಿ ಜಾವಾ 11ರ ಮಾತೇ ಇತ್ತು. ಎರಡೂ ಸಾಲು ಸೇರಿಸಿ ರೀಸ್ಟಾರ್ಟ್ ಮಾಡಿದೆ, 8081ರಲ್ಲಿ ಪುಟ ಬಂತು. ಮೊದಲ ಪಾಸ್‌ವರ್ಡ್ ಜೆಂಕಿನ್ಸ್‌ನ ಸೀಕ್ರೆಟ್ಸ್ ಫೋಲ್ಡರಿನಲ್ಲಿ ಸಿಕ್ಕಿತು.

ಮೊದಲ ಬಿಲ್ಡ್ ಮಾತ್ರ ಕೋಡ್ ತರುವ ಗಿಟ್ ಹತ್ತಿರ ನಿಂತಿತು. ಗಿಟ್‌ಗೆ ಒಳಹೋಗುವ ನನ್ನ ಕೀ ಇರುವುದು ನನ್ನ ಹೋಮಿನಲ್ಲಿ, ಜೆಂಕಿನ್ಸ್ ಓಡುವುದು ತನ್ನದೇ ಯೂಸರ್ ಆಗಿ, ಅಲ್ವಾ? ಜೆಂಕಿನ್ಸ್‌ನ ಕ್ರೆಡೆನ್ಶಿಯಲ್ಸ್‌ನಲ್ಲಿ ಕೀ ಸೇರಿಸಿದ ಮೇಲೆ ಎರಡನೇ ಬಿಲ್ಡ್ ಹಸಿರಾಯಿತು. ಸ್ಕ್ರೀನ್‌ಶಾಟನ್ನು ಅಕ್ಕನಿಗೆ ಕಳಿಸಿದೆ. ಲ್ಯಾಪ್‌ಟಾಪಿನಲ್ಲಿ ಉಳಿದಿರುವ ಸ್ಕ್ರಿಪ್ಟ್‌ಗಳನ್ನು ನಾಳೆ ಬೆಳಿಗ್ಗೆ ಇಬ್ಬರೂ ಕೂತು ಇಲ್ಲಿಗೆ ತರುತ್ತೇವೆ.