ಆ ಕ್ಯಾಸೆಟ್ ಯಾರ ಕೈಗೂ ಬಿಟ್ಟು ಬರ್ಬೇಡ ಮಗಾ

ಮಗಾ, ನಿನ್ನ ಮೆಸೇಜ್ ನೋಡಿದೆ. ಮನೆ ಪ್ರಾರ್ಥನೆಯ ಹಾಡಿನ ಕ್ಯಾಸೆಟ್‌ಗಳಿಗೆ ಬಿಳಿ ಬೂಷ್ಟು ಹಿಡಿದಿದೆ, ಹಾಳಾಗುವ ಮೊದಲು ಅಂಗಡಿಗೆ ಕೊಟ್ಟು ಪೆನ್‌ಡ್ರೈವ್‌ಗೆ ಹಾಕಿಸ್ಲಾ ದೊಡ್ಡಮ್ಮಾ ಅಂತ ಕೇಳಿದ್ದೀಯಲ್ಲ. ಬೇಡ. ಒರಿಜಿನಲ್ ಕ್ಯಾಸೆಟ್ ಯಾವ ಅಂಗಡಿಯಲ್ಲೂ ಬಿಟ್ಟು ಬರ್ಬೇಡ. ನನಗೆ ಟೈಪ್ ಮಾಡ್ಲಿಕ್ಕೆ ಕಣ್ಣು ಕಾಣುವುದಿಲ್ಲ, ಅದಕ್ಕೆ ಮಾತಾಡ್ತಾ ಇದ್ದೇನೆ. ಪೂರ್ತಿ ಕೇಳು.

ಅಪ್ಪ ಹಂಚಿನ ಕಾರ್ಖಾನೆಯಿಂದ ಬಂದು, ಮಿಂದು, ಕಾಲು ಹಾರ್ಮೋನಿಯಂ ಮುಂದೆ ಕೂತ್ರೆ ಪ್ರಾರ್ಥನೆ ಶುರು. ಒಂದೇ ಹಾಡನ್ನು ನಾಲ್ಕು ಸ್ವರದಲ್ಲಿ ಕೂಡಿ ಹಾಡುವುದು: ಹೆಂಗಸರಲ್ಲಿ ಅಮ್ಮ ಮೇಲಿನ ಸ್ವರ ಸೊಪ್ರಾನೊ, ಅತ್ತೆ ಅದರ ಕೆಳಗಿನ ಆಲ್ಟೊ, ಗಂಡಸರಲ್ಲಿ ಚಿಕ್ಕಪ್ಪ ಮೇಲಿನ ಟೆನರ್, ಅಪ್ಪ ಎಲ್ಲಕ್ಕಿಂತ ಕೆಳಗಿನ ಬೇಸ್. ಬೈಬಲಿನ 46ನೇ ಕೀರ್ತನೆಯ ಮೇಲೆ ಜರ್ಮನಿಯ ಮಾರ್ಟಿನ್ ಲೂಥರ್ ಕಟ್ಟಿದ ಹಾಡು ಉಂಟಲ್ಲ, ಅದರ ಕೊನೆ ಸಾಲಿಗೆ ಅಪ್ಪನ ಸ್ವರ ಇಳಿಯುವಾಗ ಕಪಾಟಿನ ಗಾಜು ಸಣ್ಣಗೆ ನಡುಗುವುದು. ಒಂದು ಮಳೆಗಾಲ ಚಿಕ್ಕಪ್ಪ ಸ್ಟೂಲಿನ ಮೇಲೆ ಟೇಪ್ ರೆಕಾರ್ಡರ್ ಇಟ್ಟು ಅದನ್ನೆಲ್ಲ ಹಿಡಿದಿದ್ರು.

ಅಪ್ಪ ತೀರಿದ ಮೇಲೆ ಆ ಕ್ಯಾಸೆಟ್‌ಗಳಲ್ಲಿ ಕೆಲವನ್ನು ಒಬ್ಬರ ಅಂಗಡಿಗೆ ಕೊಟ್ಟೆ. "ಸೌಂಡ್ ಕ್ಲೀನ್ ಮಾಡಿ ಸಿಡಿ ಕೊಡ್ತೇವೆ ಅಮ್ಮ" ಅಂದ್ರು. ಸಿಡಿ ಹಾಕಿ ಕೇಳಿದ್ರೆ ಮಳೆ ಇಲ್ಲ, ಪೆಡಲಿನ ಟಕ್ ಟಕ್ ಇಲ್ಲ. ಗುಂಯ್ ಅನ್ನುವ ಶಬ್ದ ತೆಗೀಲಿಕ್ಕೆ ಅಂತ ಕೆಳಗಿನ ಸ್ವರವನ್ನೇ ಕತ್ತರಿಸಿದ್ದಾರೆ, ಅಪ್ಪನೇ ಇಲ್ಲ! ಅಮ್ಮನ ಸ್ವರ ಡಬ್ಬದೊಳಗಿಂದ ಬಂದ ಹಾಗೆ. ಓಡಿ ಹೋಗಿ ಕ್ಯಾಸೆಟ್ ವಾಪಸ್ ಕೊಡಿ ಅಂದೆ. "ಅದು ಹಳೇದಲ್ವಾ, ಬಿಸಾಡಿದೆವು" ಅಂದ್ರು. ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ ಮಗಾ. ಅದಕ್ಕೇ ಪುನಃ ಹೇಳ್ತೇನೆ, ಕ್ಯಾಸೆಟ್ ಬಿಟ್ಟು ಬರ್ಬೇಡ.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದವರು. ಜರ್ಮನ್ ರಾಗಕ್ಕೆ ಕನ್ನಡ ಮಾತು ಕೂಡಿಸಿ ಹಾಡಿದ್ದು ನಮ್ಮ ಮನೆಯವರೆಗೆ ಬಂತು. ಸ್ತುತಿಗೀತಕ್ಕೆ ಹಾಡುವ, ಓಲ್ಡ್ ಹಂಡ್ರೆಡ್ ಅಂತ ಹೆಸರಿನ ಆ ರಾಗ 1551ರ ಜಿನೀವಾದ್ದು, ಡಚ್ಚರು ಈಗಲೂ ಅದೇ ರಾಗದಲ್ಲಿ ಕೀರ್ತನೆ ಹಾಡ್ತಾರೆ. ಡೊ ರೆ ಮಿ ಅಕ್ಷರದಲ್ಲಿ ಸ್ವರ ಬರೆದ ಸೋಲ್ಫಾ ಪುಸ್ತಕ ಎಲ್ಲಿಯಾದ್ರೂ ಸಿಕ್ಕೀತು. ನಮ್ಮ ಮನೆಯವರು ಎಲ್ಲಿ ಉಸಿರು ತಗೊಳ್ತಿದ್ರು, ಯಾವ ಸಾಲನ್ನು ಎಳೆದು ನಿಲ್ಲಿಸ್ತಿದ್ರು ಅನ್ನುವುದು ಯಾವ ಪುಸ್ತಕದಲ್ಲಿ ಉಂಟು? ಈಗ ಸಭೆಯಲ್ಲಿ ನೋಡು, ಸ್ಕ್ರೀನಿನ ಮೇಲೆ ಬರೀ ಸಾಹಿತ್ಯ, ಕೀಬೋರ್ಡಿನಲ್ಲಿ ಬೀಟು. ಎಲ್ಲರೂ ಒಂದೇ ಸ್ವರ. ಆಲ್ಟೊ ಹಾಡಿದ್ರೆ ಪಕ್ಕದವರು ತಿರುಗಿ ನೋಡ್ತಾರೆ, ನಾನೇ ತಪ್ಪು ಹಾಡಿದ ಹಾಗೆ. ಮೊನ್ನೆ ಅತ್ತೆಯ ಮಣ್ಣಿಗೂ ನಾಲ್ಕು ಸ್ವರ ಕೂಡಲಿಲ್ಲ. ಅತ್ತೆಗೆ! ಎಷ್ಟು ಮಕ್ಕಳಿಗೆ ಕಲಿಸಿದ ಜೀವ ಅದು. ಹೊಟ್ಟೆ ಉರಿಯುತ್ತದೆ. ಈ ಗ್ರೂಪಿನಲ್ಲಿ ದಿನಾ ಗುಡ್ ಮಾರ್ನಿಂಗ್ ಹಾಕುವವರು ಯಾರೂ ಒಂದು ದಿನ ಬಂದು ಕಲಿಸಿ ಅಂತ ಕೇಳಲಿಲ್ಲ.

ಅಯ್ಯೋ, ನೀನು ಕೇಳಿದ್ದೇ ಮರೆತೆ. ಬೂಷ್ಟು ಬಂದದ್ದನ್ನು ಪ್ಲೇಯರಿಗೆ ಹಾಕ್ಲೇಬೇಡ, ಟೇಪ್ ಓದುವ ಹೆಡ್ಡಿಗೆ ಅಂಟಿ ಉಳಿದ ಕ್ಯಾಸೆಟ್‌ಗೂ ಹರಡುತ್ತದೆ. ಬೇರೆ ಡಬ್ಬಕ್ಕೆ ಹಾಕಿ ಸಿಲಿಕಾ ಜೆಲ್ ಪೊಟ್ಟಣ ಇಡು, ಬಿಸಿಲಿಗೆ ಇಡ್ಬೇಡ. ಅದನ್ನು ಕೆಲಸ ಗೊತ್ತಿರುವವರ ಹತ್ತಿರವೇ ಮಾಡಿಸು, ನೀನು ಎದುರಿಗೆ ಕೂತಿದ್ದು ಕ್ಯಾಸೆಟ್ ವಾಪಸ್ ತಗೊಂಡೇ ಬಾ. ಚೆನ್ನಾಗಿರುವ ಕ್ಯಾಸೆಟ್‌ಗಳ ಮೇಲಂಚಿನಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ತುಂಡು ಉಂಟಲ್ಲ, ಅವನ್ನು ಮುರಿದುಬಿಡು, ಮತ್ತೆ ಯಾರೂ ಅದರ ಮೇಲೆ ರೆಕಾರ್ಡ್ ಮಾಡ್ಲಿಕ್ಕೆ ಆಗುವುದಿಲ್ಲ. ಅವನ್ನು ಮನೆಯಲ್ಲೇ ವಯರು ಹಾಕಿ ಲ್ಯಾಪ್‌ಟಾಪಿಗೆ ಇಳಿಸು, ಸ್ಪೀಕರಿನ ಎದುರು ಮೊಬೈಲ್ ಹಿಡಿದು ಅಲ್ಲ. ಶಬ್ದ ಕುಗ್ಗಿಸುವ ಎಂಪಿ3 ಬೇಡ, ಕುಗ್ಗಿಸದ ವೇವ್ (WAV) ಫೈಲ್ ಮಾಡು. ಆ ಫೈಲಿಗೆ ಯಾವ ಕ್ಲೀನಿಂಗೂ ಮಾಡದೆ ಒಂದು ಪ್ರತಿ ನನಗೆ, ಒಂದು ನಿನ್ನ ಅಣ್ಣನಿಗೆ ಕೊಡು.

ಮತ್ತೆ ಚಿಕ್ಕಪ್ಪನ ಟೆನರ್ ಇನ್ನೂ ಗಟ್ಟಿ ಉಂಟು. ಬರುವ ಆದಿತ್ಯವಾರ ಆರಾಧನೆ ಮುಗಿಸಿ ನೇರ ಇಲ್ಲಿಗೆ ಬಾ, ಅವರದ್ದು ಬೇರೆ, ನನ್ನ ಆಲ್ಟೊ ಬೇರೆ ರೆಕಾರ್ಡ್ ಮಾಡುವ. ಊಟಕ್ಕೆ ಮೊದಲೇ ಆಗ್ಬೇಕು, ಉಂಡ ಮೇಲೆ ಅವರಿಗೆ ಉಸಿರು ನಿಲ್ಲುವುದಿಲ್ಲ. ಫ್ಯಾನ್ ಆಫ್ ಮಾಡಿಯೇ ಕೂರ್ಬೇಕು, ಸೆಕೆ ಅಂತ ಹೇಳ್ಬೇಡ.